ಕೋಪನ್‌ಹೇಗನ್ನಿನ ಸೈಕಲ್ ಹಾದಿ: ಅರ್ಧ ಶತಮಾನದ ಲೆಕ್ಕ

ಕೋಪನ್‌ಹೇಗನ್ ನೋಡಿಬಂದ ನಮ್ಮವರ ಬಾಯಲ್ಲಿ ಈಗ ಮೊದಲು ಬರುವ ಮಾತು ಸೈಕಲ್ಲಿನದು. ಹಿಂದೆ ಹಾಗಿರಲಿಲ್ಲ. ಟಿವೊಲಿ ಉದ್ಯಾನ, 1913ರಿಂದ ಬಂದರಿನ ಬಂಡೆಯ ಮೇಲೆ ಕುಳಿತಿರುವ ಪುಟ್ಟ ಮತ್ಸ್ಯಕನ್ಯೆ, ಅರಮನೆಯ ಮುಂದೆ ಪಹರೆ ಬದಲಾಗುವ ಹೊತ್ತು, ಇಷ್ಟನ್ನು ಬಸ್ಸು ಹತ್ತಿ ಇಳಿದು ನೋಡಿ ಮುಗಿಸುತ್ತಿದ್ದ ಊರು ಅದು. ಸೈಕಲ್ ತುಳಿಯುವುದಕ್ಕೆಂದೇ ರಜೆ ಹಾಕಿ ಅಲ್ಲಿಗೆ ಹೋಗುವ ರೂಢಿ ಈಚಿನದು. ಈ ಸುಖದ ಹಿಂದೆ ದೀರ್ಘ ಹೋರಾಟವಿದೆ. ಪ್ರವಾಸಿಗನ ಕಣ್ಣಿಗೆ ಅದು ಬೀಳುವುದಿಲ್ಲ.

ಮಹಾಯುದ್ಧ ಮುಗಿದ ಮೇಲಿನ ಎರಡು ದಶಕಗಳಲ್ಲಿ ಅಲ್ಲಿಯೂ ಕಾರು ಬಂದು ಸೈಕಲ್ಲನ್ನು ಅಂಚಿಗೆ ತಳ್ಳಿತ್ತು. ಹಳೆಯ ಚೌಕಗಳಲ್ಲಿ ಕಾರುಗಳು ಸಾಲುಗಟ್ಟಿ ನಿಂತವು; ಊರ ನಡುವಿನ ಕೆರೆಗಳ ದಂಡೆಯಲ್ಲಿ ಹೆದ್ದಾರಿ ಎಳೆಯುವ ಯೋಜನೆಯೂ ಸಿದ್ಧವಾಗಿತ್ತು. 1962ರ ನವೆಂಬರ್‌ನಲ್ಲಿ ಸ್ಟ್ರೋಯೆಟ್ ಬೀದಿಗೆ ಕಾರು ಬಾರದಂತೆ ತಡೆದಾಗ ವ್ಯಾಪಾರ ಮುಳುಗುತ್ತದೆಂದು ಅಂಗಡಿಯವರು ಹೆದರಿದರು. ಮುಳುಗಲಿಲ್ಲ. 1973ರ ತೈಲ ಬಿಕ್ಕಟ್ಟು ಕಾರಿಲ್ಲದ ಭಾನುವಾರಗಳನ್ನು ತಂದಿತು, ಕೆರೆ ದಂಡೆಯ ಹೆದ್ದಾರಿ ಕಾಗದದಲ್ಲೇ ಉಳಿಯಿತು. ಆ ದಶಕದ ಕೊನೆಗೆ ಸಾವಿರಾರು ಜನ ಸೈಕಲ್ ಏರಿ ಪುರಭವನದ ಚೌಕಕ್ಕೆ ಬಂದರು. ಸವಾರರು ಸತ್ತ ಜಾಗಗಳಲ್ಲಿ ರಸ್ತೆಯ ಮೇಲೆ ಬಿಳಿ ಶಿಲುಬೆಗಳನ್ನು ಬರೆದರು. ಪಾದಚಾರಿ ದಾರಿಗೂ ಕಾರು ರಸ್ತೆಗೂ ನಡುವೆ ಅಂಚುಕಲ್ಲು ಕಟ್ಟಿ ಎತ್ತರಿಸಿದ ಸೈಕಲ್ ಪಥಗಳು ಮತ್ತೆ ಹರಡಿದ್ದು ಆ ಒತ್ತಡದಿಂದ. ನಗರಸಭೆಯ ಔದಾರ್ಯ ಎನ್ನುವವರು ಆ ಶಿಲುಬೆಗಳನ್ನು ನೆನೆಯಬೇಕು.

1995ರಲ್ಲಿ ಪ್ರವಾಸಿಗನಿಗೂ ಪಾಲು ಸಿಕ್ಕಿತು. ಇಪ್ಪತ್ತು ಕ್ರೋನರ್ ನಾಣ್ಯ ತೂರಿಸಿದರೆ ನಿಲ್ದಾಣದಲ್ಲಿದ್ದ ಸೈಕಲ್ ಬಿಡುಗಡೆಯಾಗುತ್ತಿತ್ತು, ತಂದು ನಿಲ್ಲಿಸಿದರೆ ನಾಣ್ಯ ವಾಪಸು. ತೂಕದ, ನಿಧಾನದ ಸೈಕಲ್ ಅದು, ಹಳೆಯ ನಗರದ ಎಲ್ಲೆ ದಾಟುವಂತಿರಲಿಲ್ಲ. ಆದರೂ ಕೈಯಲ್ಲಿ ಕಾಸಿಲ್ಲದ ವಿದ್ಯಾರ್ಥಿಯನ್ನು ಅಷ್ಟು ನಂಬಿದ ರಾಜಧಾನಿಗಳು ಹೆಚ್ಚಿರಲಿಲ್ಲ. 2012ರಲ್ಲಿ ಆ ವ್ಯವಸ್ಥೆ ನಿಂತಿತು. ಬಳಿಕ ಪರದೆ ಕೂರಿಸಿದ ವಿದ್ಯುತ್ ಸೈಕಲ್ಲುಗಳು ಬಂದವು. 2022ರ ಕೊನೆಗೆ ಅವೂ ಹೋದವು. ಇಂದು ಅಂಗಡಿಯ ಬಾಡಿಗೆ ಅಥವಾ ಮೊಬೈಲ್ ಆ್ಯಪ್. ನಾಣ್ಯದ ಆ ಸೈಕಲ್ ಹೋದದ್ದನ್ನು ನಾನು ಸಣ್ಣ ನಷ್ಟವೆಂದು ಎಣಿಸುವುದಿಲ್ಲ. ಗಳಿಕೆಯೂ ದೊಡ್ಡದೇ. ಕೊಳಚೆ ಸೇರುತ್ತಿದ್ದ ಬಂದರಿನ ನೀರು ಶುದ್ಧವಾಗಿ 2002ರಿಂದ ಇಸ್ಲಾಂಡ್ಸ್ ಬ್ರಿಗೆಯಲ್ಲಿ ಜನ ಈಜುತ್ತಿದ್ದಾರೆ. 2014ರಲ್ಲಿ ನೀರಿನ ಮೇಲೆ ಬಳುಕುವ ಕಿತ್ತಳೆ ಬಣ್ಣದ ‘ಸೈಕಲ್ ಹಾವು’ ಎಂಬ ಸೇತುವೆ, ವರ್ಷಗಟ್ಟಲೆ ತಡವಾಗಿ 2016ರಲ್ಲಿ ನ್ಯೂಹಾವ್ನ್ ಎದುರಿನ ಸೇತುವೆ. 2000ದಲ್ಲಿ ಸ್ವೀಡನ್ನಿಗೆ ಓರೆಸುಂಡ್ ಸೇತುವೆ ತೆರೆದಾಗ ಮಾತ್ರ ಕಾರಿಗೆ, ರೈಲಿಗೆ ದಾರಿ ಮಾಡಿ ಸೈಕಲ್ಲನ್ನು ಬಿಟ್ಟರು. 2025ಕ್ಕೆ ಇಂಗಾಲ ತಟಸ್ಥವಾಗುತ್ತೇವೆಂದು ಜಗತ್ತಿಗೆ ಸಾರಿದ್ದ ನಗರ, ಆ ಗುರಿ ಮುಟ್ಟಲಾಗದೆಂದು 2022ರಲ್ಲಿ ಒಪ್ಪಿಕೊಂಡಿತು. 2024ರ ಏಪ್ರಿಲ್ 16ರಂದು ನಾಲ್ಕು ಶತಮಾನ ಹಳೆಯ ಷೇರುಪೇಟೆ ಕಟ್ಟಡ ಬೋರ್ಸೆನ್ ಹೊತ್ತಿ ಉರಿದು, ಡ್ರ್ಯಾಗನ್‌ಗಳ ಬಾಲ ಹೆಣೆದ ಅದರ ಗೋಪುರ ಕುಸಿದಾಗ, ಅದರ ಮುಂದೆ ಸೈಕಲ್ ನಿಲ್ಲಿಸಿ ಕತ್ತೆತ್ತಿ ನೋಡಿದ್ದವರೆಲ್ಲರ ಕರುಳು ಚುರ್ ಎಂದಿತು.

ಅತಿ ಕಡಿಮೆ ಬದಲಾದದ್ದು ಉತ್ತರದ ಕರಾವಳಿ. ಬೆಲ್‌ವ್ಯೂ ಕಡಲತಡಿ, ಹಳೆಯ ಓಕ್ ಮರಗಳಡಿ ಜಿಂಕೆಗಳು ಮೇಯುವ ಡೀರೆಹಾವೆನ್, ಹುಮ್ಲೆಬೆಕ್‌ನಲ್ಲಿ 1958ರಿಂದ ಸಮುದ್ರಕ್ಕೆ ಮುಖಮಾಡಿ ನಿಂತ ಲೂಯಿಸಿಯಾನಾ ಕಲಾಸಂಗ್ರಹಾಲಯ. ಕೊನೆಗೆ ಹೆಲ್ಸಿಂಗ್ಯೋರ್‌ನಲ್ಲಿ ಶೇಕ್ಸ್‌ಪಿಯರ್ ಹ್ಯಾಮ್ಲೆಟನನ್ನು ಇರಿಸಿದ ಕ್ರೋನ್‌ಬೋರ್ಗ್ ಕೋಟೆ. ಆಚೆ ದಡದಲ್ಲಿ ಸ್ವೀಡನ್. ರಾಜಧಾನಿಯಿಂದ ಅಲ್ಲಿಗೆ ಸೈಕಲ್ ಹಾದಿ ಎಲ್ಲ ಸೇರಿ ಸುಮಾರು 45 ಕಿಲೋಮೀಟರ್, ಕಡಲು ಯಾವಾಗಲೂ ಬಲಕ್ಕೆ. ಹೋಗುವವರು ರಾಜಧಾನಿಯ ಪಟ್ಟಿಯಲ್ಲಿ ಒಂದು ದಿನ ಕಡಿತ ಮಾಡಿ ಇದಕ್ಕೆ ಕೊಡಲಿ. ನಿಲ್ಲುವ ಮೊದಲು ಕೈ ಎತ್ತಿ ತೋರಿಸುವುದು ಅಲ್ಲಿಯ ನಿಯಮ, ಪಾಲಿಸಲಿ. ನಗರದ ಎಸ್-ರೈಲಿನಲ್ಲಿ 2010ರಿಂದ ಸೈಕಲ್ ಉಚಿತ. ಹೆಲ್ಸಿಂಗ್ಯೋರ್‌ನಿಂದ ಮರಳುವ ರೈಲಿಗೆ ಮಾತ್ರ ಸೈಕಲ್ಲಿಗೂ ಟಿಕೆಟ್ ಕೊಳ್ಳಬೇಕು.