ಕ್ಯಾಷುಯಾಲಿಟಿಯಲ್ಲಿ ಕನ್ನಡವಿಲ್ಲದಿದ್ದರೆ ಕೂಸಿನ ಪ್ರಾಣಕ್ಕೇ ಕುತ್ತು!



ಅಂಗಡಿ ಬೋರ್ಡಿನಲ್ಲಿ ಕನ್ನಡ ಕೇಳಿದ್ದೇವೆ. ಬ್ಯಾಂಕಿನ ಚಲನ್‌ನಲ್ಲಿ ಕನ್ನಡ ಕೇಳಿದ್ದೇವೆ. ರೈಲ್ವೆ ಪರೀಕ್ಷೆ ಕನ್ನಡದಲ್ಲಿ ಬೇಕೆಂದು ಬೀದಿಗಿಳಿದಿದ್ದೇವೆ. ಎಲ್ಲವೂ ಸರಿಯೇ. ಆದರೆ ರಾತ್ರಿ ಎರಡು ಗಂಟೆಗೆ ಜ್ವರದ ಕೂಸನ್ನು ಎದೆಗವಚಿಕೊಂಡು ಓಡಿಬರುವ ತಾಯಿ ಆಸ್ಪತ್ರೆಯ ತುರ್ತು ವಿಭಾಗದಲ್ಲಿ ಯಾವ ಭಾಷೆಯಲ್ಲಿ ಮಾತಾಡಬೇಕು ಎಂದು ನಾವು ಎಂದಾದರೂ ಕೇಳಿದ್ದೇವೆಯೇ? ಇಲ್ಲ. ನಾನೂ ಕೇಳಿರಲಿಲ್ಲ.

ನಾನು ಪ್ರಿಂಟಿಂಗ್ ಪ್ರೆಸ್ ನಡೆಸುವವನು. ಓದಿದ್ದು ಪಿ.ಯು.ಸಿ. ವೈದ್ಯಕೀಯ ನನ್ನ ಕಸುಬಲ್ಲ. ಆದರೂ ಇದನ್ನು ಬರೆಯಲು ಕಾರಣವಿದೆ.

ಆರು ವರ್ಷದ ಹಿಂದೆ ನನ್ನ ತಂಗಿಯ ಏಳು ತಿಂಗಳ ಮಗುವಿಗೆ ಜ್ವರ ಬಂತು. ರಾತ್ರಿಯೇ ಬೆಂಗಳೂರಿನ ಒಂದು ಆಸ್ಪತ್ರೆಗೆ ಎತ್ತಿಕೊಂಡು ಹೋದಳು. ಡ್ಯೂಟಿ ಡಾಕ್ಟರಿಗೆ ಕನ್ನಡ ಬಾರದು; ತಂಗಿಗೆ ಕನ್ನಡ ಬಿಟ್ಟು ಬೇರೆ ಬಾರದು. "ಮಗು ಯಾಕೋ ಜೋಲು ಬಿದ್ದೈತೆ ಸಾರ್, ಮೊಲೆ ಕಚ್ತಾ ಇಲ್ಲ, ಎತ್ಕೊಂಡ್ರೆ ಇನ್ನೂ ಜಾಸ್ತಿ ಅಳ್ತೈತೆ" ಎಂದಳು. ಡಾಕ್ಟರು ಹಿಂದಿಯಲ್ಲಿ "ದೂಧ್ ಪೀತಾ ಹೈ?" ಎಂದು ಕೇಳಿದರು. ದೂಧ್ ಎಂಬ ಒಂದು ಮಾತು ಇವಳಿಗೆ ತಿಳಿಯಿತು. ಹಾಲು ಕುಡಿಯುವ ಕೂಸೇ ಎಂದು ಕೇಳುತ್ತಿದ್ದಾರೆ ಅಂದುಕೊಂಡು "ಹೂಂ" ಎಂದಳು. ‘ಹಾಲು ಚೆನ್ನಾಗಿ ಕುಡಿಯುತ್ತಿದೆ, ವೈರಲ್ ಜ್ವರ’ ಎಂದು ಇಂಗ್ಲಿಷಿನಲ್ಲಿ ಚೀಟಿ ಬರೆದಾಯಿತು. ಪ್ಯಾರಾಸಿಟಮಾಲ್ ಹನಿ ಕೊಟ್ಟು ಮನೆಗೆ ಕಳಿಸಿದರು.

ಮರುದಿನ ಸಂಜೆ ಮಗುವಿಗೆ ಸೆಳವು ಬಂತು. ಮೆದುಳಿನ ಪೊರೆಗೆ ಬ್ಯಾಕ್ಟೀರಿಯಾ ಸೋಂಕು ತಗುಲಿತ್ತು. ಅದೇ ಮೆನಿಂಜೈಟಿಸ್. ಮಗು ಉಳಿಯಿತು. ಕಿವಿ ಉಳಿಯಲಿಲ್ಲ. ಇಂದು ಆ ಹುಡುಗಿಗೆ ತಾಯಿ ಆಡುವ ಕನ್ನಡ ಕೇಳಿಸುವುದಿಲ್ಲ.

ಆ ಚೀಟಿಯ ಕೆಳಗೆ, ಯಾವ ಲಕ್ಷಣ ಕಂಡರೆ ಕೂಡಲೇ ಮಗುವನ್ನು ವಾಪಸು ತರಬೇಕು ಎಂದು ಸಣ್ಣ ಅಕ್ಷರದಲ್ಲಿ ಅಚ್ಚಾಗಿತ್ತು. ಇಂಗ್ಲಿಷಿನಲ್ಲಿ! ಅಚ್ಚು ಹಾಕಿದವನು ಯಾರು? ನಾನೇ. ಪ್ರೂಫ್ ನೋಡಿ, ಸ್ಪೆಲ್ಲಿಂಗ್ ತಿದ್ದಿ, ಬಿಲ್ ಮಾಡಿ ಕೊಟ್ಟವನು ನಾನು. ಇದನ್ನು ಓದಬೇಕಾದವರು ಯಾರು ಎಂಬ ಯೋಚನೆ ಒಮ್ಮೆಯೂ ನನಗೆ ಬರಲಿಲ್ಲ.

ಆ ಡಾಕ್ಟರನ್ನು ಕೆಟ್ಟವರೆಂದು ನಾನು ಹೇಳುವುದಿಲ್ಲ. ಜ್ವರವೆಂದು ಬರುವ ಮಕ್ಕಳಲ್ಲಿ ಹೆಚ್ಚಿನವರದು ತಾನೇ ಇಳಿಯುವ ವೈರಸ್ ಜ್ವರ. ಕೆಲವೇ ಮಕ್ಕಳಲ್ಲಿ ನ್ಯುಮೋನಿಯಾ, ಮೆನಿಂಜೈಟಿಸ್, ಮೂತ್ರದ ಸೋಂಕು, ಇಲ್ಲವೇ ಮೈಗೆಲ್ಲ ನಂಜೇರುವ ಸೆಪ್ಸಿಸ್ ಅಡಗಿರುತ್ತದೆ. ಮೊದಲ ಕೆಲವು ಗಂಟೆಗಳಲ್ಲಿ ಎರಡೂ ಒಂದೇ ತರಹ ಕಾಣುತ್ತವೆ. ಪ್ಯಾರಾಸಿಟಮಾಲಿಗೆ ಜ್ವರ ಇಳಿಯಿತೆಂದು ಅಪಾಯ ಕಳೆಯಿತು ಎನ್ನುವಂತಿಲ್ಲ. ಕನ್ನಡ ಬಲ್ಲ ವೈದ್ಯರೂ ಎಡವಬಹುದು.

ಹಾಗಾದರೆ ಗುರುತಿಸುವುದು ಹೇಗೆ? 2006ರಲ್ಲಿ ‘ಲ್ಯಾನ್ಸೆಟ್’ ವೈದ್ಯಕೀಯ ಪತ್ರಿಕೆಯಲ್ಲಿ ಬ್ರಿಟನ್ನಿನ ಒಂದು ಅಧ್ಯಯನ ಬಂತು. ಮೆನಿಂಗೊಕಾಕಸ್ ಎಂಬ ಬ್ಯಾಕ್ಟೀರಿಯಾ ತಗುಲಿದ 448 ಮಕ್ಕಳ ಕಾಯಿಲೆಯನ್ನು ಗಂಟೆಗಂಟೆಗೆ ಲೆಕ್ಕ ಹಾಕಿ ನೋಡಿದರು. ಕಾಲುನೋವು, ತಣ್ಣಗಾದ ಕೈಕಾಲು, ಬಣ್ಣಗೆಟ್ಟ ಚರ್ಮ, ಇವು ಸುಮಾರು 8 ಗಂಟೆಗೇ ಕಾಣಿಸಿಕೊಂಡಿದ್ದವು. ಮಕ್ಕಳು ಆಸ್ಪತ್ರೆಗೆ ದಾಖಲಾದದ್ದು ಸುಮಾರು 19 ಗಂಟೆಗೆ! ಪುಸ್ತಕದಲ್ಲಿ ಬರೆದ ಕತ್ತು ಬಿಗಿತ, ರಕ್ತದ ಗುಳ್ಳೆ, ಪ್ರಜ್ಞೆ ತಪ್ಪುವುದು ಇವೆಲ್ಲ ತಡವಾಗಿ ಬಂದವು. ಮೊದಲು ಕಾಣಿಸುವ ಚಿಹ್ನೆಗಳನ್ನು ಕಾಣುವವರು ಯಾರು? ಮಗುವಿನ ಕೈಕಾಲು ಮುಟ್ಟಿ ನೋಡುವ ತಾಯಿ, ಅಜ್ಜಿ.

ಮುಂದೆ 2010ರಲ್ಲಿ ಅದೇ ಪತ್ರಿಕೆಯಲ್ಲಿ ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿದ ಇನ್ನೊಂದು ವರದಿ ಬಂತು. "ಈ ಸಲದ ಕಾಯಿಲೆ ಎಂದಿನಂತಿಲ್ಲ" ಎಂಬ ಹೆತ್ತವರ ಆತಂಕ, ಮಗುವಿಗೆ ಗಂಭೀರ ಸೋಂಕು ಇರಬಹುದು ಎನ್ನುವುದಕ್ಕೆ ಬಲವಾದ ಸೂಚನೆಗಳಲ್ಲಿ ಒಂದು ಎಂದು ಅದು ಹೇಳಿತು. ಅಂದರೆ ತಾಯಿಯ ಮಾತೂ ಒಂದು ಪರೀಕ್ಷೆ, ಥರ್ಮಾಮೀಟರ್ ಇದ್ದ ಹಾಗೆ! ಆ ಮಾತನ್ನೇ ತಿಳಿಯದವರು ಪರೀಕ್ಷೆಯನ್ನು ಅರ್ಧಕ್ಕೆ ಬಿಟ್ಟ ಹಾಗಲ್ಲವೇ?

ಇಂಗ್ಲೆಂಡಿನ ಮಾರ್ಥಾ ಮಿಲ್ಸ್ ಎಂಬ 13 ವರ್ಷದ ಹುಡುಗಿ 2021ರಲ್ಲಿ ಆಸ್ಪತ್ರೆಯಲ್ಲಿದ್ದಾಗಲೇ ಸೆಪ್ಸಿಸ್‌ನಿಂದ ತೀರಿಕೊಂಡಳು. ಹೆತ್ತವರ ಆತಂಕಕ್ಕೆ ಬೆಲೆ ಸಿಕ್ಕಿರಲಿಲ್ಲ. ಅವರ ಹೋರಾಟದಿಂದ 2024ರಲ್ಲಿ ಅಲ್ಲಿನ ಆಸ್ಪತ್ರೆಗಳಲ್ಲಿ ‘ಮಾರ್ಥಾ ನಿಯಮ’ ಶುರುವಾಯಿತು. ರೋಗಿಯ ಸ್ಥಿತಿ ಕೆಡುತ್ತಿದೆ ಎಂದು ಮನೆಯವರಿಗೆ ಅನಿಸಿದರೆ ಬೇರೆ ವೈದ್ಯರ ತಂಡ ಬಂದು ನೋಡಲಿ ಎಂದು ಕೇಳಬಹುದು. ಯೋಚಿಸಿ. ತಾಯಿಯೂ ಇಂಗ್ಲಿಷ್, ಡಾಕ್ಟರೂ ಇಂಗ್ಲಿಷ್ ಆಡುವ ನಾಡಿನಲ್ಲೇ ತಾಯಿಯ ಮಾತು ಮುಟ್ಟಲು ಒಂದು ನಿಯಮ ಬೇಕಾಯಿತು. ಭಾಷೆಯೇ ಬೇರೆಯಾದ ನಮ್ಮ ಕ್ಯಾಷುಯಾಲಿಟಿಗಳಲ್ಲಿ ಗತಿ ಏನು?

ನಮ್ಮ ಕನ್ನಡಕ್ಕೆ ಈ ಮಾತುಗಳಿಲ್ಲವೇ? ಜೋಲು ಬಿದ್ದಿದೆ, ಪಕ್ಕೆ ಒಳಕ್ಕೆ ಸೆಳೆಯುತ್ತಿದೆ, ನೆತ್ತಿ ಉಬ್ಬಿದೆ, ಕಣ್ಣು ಮೇಲಕ್ಕೆ ಸಿಕ್ಕಿಸಿಕೊಂಡಿದೆ. ಒಂದೊಂದು ಮಾತೂ ಒಂದೊಂದು ರೋಗಲಕ್ಷಣ. ಹಳ್ಳಿಯ ಆಶಾ ಕಾರ್ಯಕರ್ತೆಗೆ ಇವನ್ನೆಲ್ಲ ಕನ್ನಡದಲ್ಲೇ ಕಲಿಸುತ್ತಾರೆ. ಹಳ್ಳಿಯಲ್ಲಿ ನಡೆಯುವ ಕನ್ನಡ ಪಟ್ಟಣದ ದೊಡ್ಡ ಆಸ್ಪತ್ರೆಗೆ ಬಂದ ಕೂಡಲೇ ಮೂಕವಾಗುವುದು ಯಾವ ನ್ಯಾಯ?

ಹೊರಗಿನಿಂದ ಓದಲು ಬಂದ ವೈದ್ಯ ವಿದ್ಯಾರ್ಥಿಗಳ ಮೇಲೆ ನನಗೆ ಸಿಟ್ಟಿಲ್ಲ. 2019ರಲ್ಲಿ ಜಾರಿಗೆ ಬಂದ ಎಂ.ಬಿ.ಬಿ.ಎಸ್. ಪಠ್ಯಕ್ರಮದ ಬುನಾದಿ ಕೋರ್ಸಿನಲ್ಲೇ ಸ್ಥಳೀಯ ಭಾಷೆಯ ಕಲಿಕೆ ಸೇರಿದೆ. ಆ ಪಾಠ ‘ನಿಮ್ಮ ಹೆಸರೇನು, ಊಟ ಆಯ್ತಾ’ ಎನ್ನುವಲ್ಲಿಗೇ ನಿಲ್ಲಬಾರದು. "ಮಗು ಹಾಲು ಕುಡಿಯುತ್ತಿದೆಯಾ? ಕೊನೆಯ ಸಲ ಉಚ್ಚೆ ಹೊಯ್ದದ್ದು ಯಾವಾಗ? ಮೊದಲಿಗಿಂತ ಬೇರೆ ತರಹ ಇದೆಯಾ?" ಈ ಮೂರು ಪ್ರಶ್ನೆ ಕಲಿಸಿ. ತಾಯಿ ಕೊಡುವ ಉತ್ತರ ತಿಳಿಯುವಷ್ಟು ಕಲಿಸಿ.

ನಮ್ಮ ಬೇಡಿಕೆ ಮೂರೇ. ಒಂದು, ಹಗಲಿರಲಿ ರಾತ್ರಿಯಿರಲಿ, ತುರ್ತು ವಿಭಾಗದಲ್ಲಿ ಮಗುವನ್ನು ಮೊದಲು ನೋಡುವ ಜಾಗದಲ್ಲಿ ಕನ್ನಡ ಬಲ್ಲ ನರ್ಸೋ ಡಾಕ್ಟರೋ ಇರಲೇಬೇಕು. ಎರಡು, ತಾಯಿ ಹೇಳಿದ್ದನ್ನು ಅವಳ ಮಾತಿನಲ್ಲೇ ಕೇಸ್ ಶೀಟಿನಲ್ಲಿ ಬರೆದುಕೊಳ್ಳಬೇಕು. ಮೂರು, ಮನೆಗೆ ಕಳಿಸುವಾಗ ಅಪಾಯದ ಚಿಹ್ನೆಗಳ ಚೀಟಿಯನ್ನು ಕನ್ನಡದಲ್ಲಿ ಕೊಡಬೇಕು, ಓದಿಯೂ ಹೇಳಬೇಕು.

ಆ ಚೀಟಿಯಲ್ಲಿ ಇರಬೇಕಾದದ್ದು ಇಷ್ಟು. ಇದನ್ನು ಕತ್ತರಿಸಿ ಮನೆಯ ಗೋಡೆಗೆ ಅಂಟಿಸಿಕೊಳ್ಳಿ. ಇವುಗಳಲ್ಲಿ ಒಂದು ಕಂಡರೂ ತಡಮಾಡದೆ ಆಸ್ಪತ್ರೆಗೆ ಓಡಿ:

* ಹಾಲು, ನೀರು ಕುಡಿಯದಿರುವುದು, ಕುಡಿದದ್ದೆಲ್ಲ ವಾಂತಿಯಾಗುವುದು.
* ಸೆಳವು, ಎಬ್ಬಿಸಿದರೂ ಏಳದ ಮಂಪರು, ಎತ್ತಿಕೊಂಡರೂ ಸಮಾಧಾನವಾಗದ ಅಳು, ಉಬ್ಬಿದ ನೆತ್ತಿ.
* ಪಕ್ಕೆ ಒಳಕ್ಕೆ ಸೆಳೆಯುವುದು, ನರಳುವ ಉಸಿರು. ಮಗು ಅಳದೆ ಇರುವಾಗ ಒಂದು ನಿಮಿಷ ಎಣಿಸಿದರೆ 2 ತಿಂಗಳೊಳಗಿನ ಕೂಸಿಗೆ 60, ವರ್ಷದೊಳಗಿನದಕ್ಕೆ 50, ಐದು ವರ್ಷದವರೆಗೆ 40, ಇಷ್ಟು ಅಥವಾ ಇದಕ್ಕಿಂತ ಹೆಚ್ಚು ಉಸಿರು.
* ಮೈ ಸುಡುತ್ತಿದ್ದು ಕೈಕಾಲು ತಣ್ಣಗಿರುವುದು. ಬಿಳಿಚಿದ ಅಥವಾ ನೀಲಿಗಟ್ಟಿದ ಬಣ್ಣ. ನಮ್ಮ ಕಂದು ಮೈಯಲ್ಲಿ ಇದು ಬೇಗ ಕಾಣುವುದಿಲ್ಲ. ತುಟಿ, ನಾಲಿಗೆ, ಅಂಗೈ, ಅಂಗಾಲು ನೋಡಿ.
* ಗಾಜಿನ ಲೋಟ ಒತ್ತಿ ಹಿಡಿದರೂ ಮಾಸದ ಕೆಂಪು, ನೇರಳೆ ಚುಕ್ಕೆಗಳು.
* 3 ತಿಂಗಳೊಳಗಿನ ಕೂಸಿಗೆ 38 ಡಿಗ್ರಿ ಸೆಲ್ಸಿಯಸ್ (100.4 ಫ್ಯಾರನ್‌ಹೀಟ್) ಅಥವಾ ಹೆಚ್ಚಿನ ಜ್ವರ. ಎಳೆಗೂಸಿಗೆ ನಂಜಾದರೆ ಜ್ವರ ಬಾರದೆ ಮೈ ತಣ್ಣಗಾಗಲೂಬಹುದು.
* ಇದಾವುದೂ ಇಲ್ಲದಿದ್ದರೂ, ‘ಮಗು ಎಂದಿನಂತಿಲ್ಲ’ ಎಂದು ತಾಯಿಗೆ ಅನಿಸುವುದು.

ದೃಷ್ಟಿಯಾಗಿದೆ, ಬಾಲಗ್ರಹ ಎಂದು ಹೊತ್ತು ಕಳೆಯಬೇಡಿ. ಡಾಕ್ಟರಿಗೆ ನಿಮ್ಮ ಮಾತು ತಿಳಿಯದಿದ್ದರೆ ಸಂಕೋಚಪಟ್ಟು "ಹೂಂ" ಎನ್ನಬೇಡಿ. "ನನಗೆ ಅರ್ಥವಾಗಲಿಲ್ಲ, ಕನ್ನಡ ಬಲ್ಲವರನ್ನು ಕರೆಯಿರಿ" ಎಂದು ಗಟ್ಟಿಯಾಗಿ ಕೇಳಿ. ಆಯಾ ಆಗಲಿ, ವಾರ್ಡ್ ಬಾಯ್ ಆಗಲಿ, ಯಾರಾದರೂ ಸರಿ. ಮನೆಗೆ ಹೋದ ಮೇಲೂ ಮಗು ಕೆಟ್ಟರೆ ಅದೇ ರಾತ್ರಿ ಮತ್ತೆ ಹೋಗಿ. ಎರಡನೇ ಸಲ ಹೋಗುವುದರಲ್ಲಿ ನಾಚಿಕೆಯೇನೂ ಇಲ್ಲ.

ಸಂಘದ ಗೆಳೆಯರೇ, ಇದಕ್ಕೆ ಕಲ್ಲು ಬೇಡ, ಕೂಗಾಟ ಬೇಡ. ರೋಗಿಗಳಿಗೆ ತೊಂದರೆಯಾಗದ ಹಾಗೆ ನಾಲ್ಕು ಜನ ಹೋಗಿ ನಿಮ್ಮೂರ ಆಸ್ಪತ್ರೆಯ ಮುಖ್ಯಸ್ಥರಿಗೆ ಮನವಿ ಕೊಡಿ. ‘ಕನ್ನಡದಲ್ಲಿ ಅಚ್ಚು ಹಾಕಿಸಲು ಖರ್ಚಾಗುತ್ತದೆ’ ಎಂದು ಅವರು ಹೇಳಿದರೆ ನನಗೆ ತಿಳಿಸಿ. ಮಕ್ಕಳ ವೈದ್ಯರೊಬ್ಬರು ನೋಡಿ ಒಪ್ಪಿದ ಚೀಟಿಯನ್ನು ಮೊದಲ ಸಾವಿರ ಪ್ರತಿ ನನ್ನ ಕಾಗದ, ನನ್ನ ಮಸಿ, ನನ್ನ ಕೂಲಿಯಲ್ಲಿ ಅಚ್ಚು ಹಾಕಿ ಕೊಡುತ್ತೇನೆ. ಇಂಗ್ಲಿಷ್ ಚೀಟಿ ಅಚ್ಚು ಹಾಕಿ ಕಾಸು ಎಣಿಸಿಕೊಂಡ ಈ ಕೈಗೆ ಅಷ್ಟಾದರೂ ಪ್ರಾಯಶ್ಚಿತ್ತ ಬೇಕು.