ಕೋಳಿಯ ಬೆಲೆಯಲ್ಲಿ ಸೇರದ ಖರ್ಚು

ನಮ್ಮ ಅಬ್ಬಾ ಪಾಂಡವಪುರದಲ್ಲಿ ಒಂದು ಚಿಕ್ಕ ಚಿಕನ್ ಅಂಗಡಿ ಇಟ್ಟುಕೊಂಡಿದ್ದಾರೆ. ನನ್ನ ಕಾಲೇಜು ಫೀಸು ಬರುವುದು ಆ ಅಂಗಡಿಯಿಂದಲೇ. ಹಾಗಾಗಿ ಕೋಳಿ ತಿನ್ನಬೇಡಿ ಎಂದು ಹೇಳಲು ನಾನು ಇದನ್ನು ಬರೆಯುತ್ತಿಲ್ಲ. ಆದರೆ ಖರ್ಚುಗಳನ್ನು ಬಿಟ್ಟು ಲಾಭ ತೋರಿಸಿದರೆ ಆ ಲೆಕ್ಕ ತಪ್ಪು ಎಂದು ಕಾಮರ್ಸ್ ವಿದ್ಯಾರ್ಥಿಗಳಾದ ನಾವು ದಿನವೂ ಕಲಿಯುತ್ತೇವೆ. ಕೋಳಿಯ ಬೆಲೆಯಲ್ಲೂ ಕೆಲವು ಖರ್ಚುಗಳು ಬಿಟ್ಟುಹೋಗಿವೆ.

ಅಂಗಡಿಗೆ ಬರುವ ಬ್ರಾಯ್ಲರ್ ಕೋಳಿ ಹೆಚ್ಚಾಗಿ ಗುತ್ತಿಗೆ ಸಾಕಣೆಯದು. ಕಂಪನಿ ಮರಿ, ಮೇವು, ಔಷಧಿ ಕೊಡುತ್ತದೆ. ಶೆಡ್ಡು, ನೀರು, ಕರೆಂಟು, ದುಡಿಮೆ ರೈತನದು. ಸುಮಾರು ಆರು ವಾರದಲ್ಲಿ ಕೋಳಿ ಎರಡು ಕಿಲೋ ದಾಟುತ್ತದೆ, ರೈತನಿಗೆ ಕಿಲೋ ಲೆಕ್ಕದಲ್ಲಿ ಕೂಲಿ ಸಿಗುತ್ತದೆ. ಒಂದೇ ಶೆಡ್ಡಿನಲ್ಲಿ ಸಾವಿರಾರು ಕೋಳಿಗಳಿದ್ದರೆ ಒಂದಕ್ಕೆ ಬಂದ ರೋಗ ಎಲ್ಲಕ್ಕೂ ಹರಡುತ್ತದೆ.

ಮೊದಲ ಖರ್ಚು ಅಕ್ಕಪಕ್ಕದವರದು. ನನ್ನ ಗೆಳೆಯನೊಬ್ಬನ ಮನೆ ಕೋಳಿ ಶೆಡ್ಡಿನ ಹತ್ತಿರವಿದೆ. ಮಳೆಗಾಲದಲ್ಲಿ ಅವರ ಮನೆಯಲ್ಲಿ ಊಟದ ತಟ್ಟೆಗೆ ನೊಣ ಮುತ್ತುತ್ತವೆ, ರಾತ್ರಿ ವಾಸನೆಗೆ ಕಿಟಕಿ ತೆಗೆಯಲಾಗುವುದಿಲ್ಲ. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ 2021ರ ಮಾರ್ಗಸೂಚಿಯಂತೆ 5,000ಕ್ಕಿಂತ ಹೆಚ್ಚು ಕೋಳಿಗಳಿರುವ ಫಾರಂ ಮಾಲಿನ್ಯ ಮಂಡಳಿಯ ಒಪ್ಪಿಗೆ ಪಡೆಯಬೇಕು. ಹೊಸ ಫಾರಂ ಜನವಸತಿಯಿಂದ 500 ಮೀಟರ್, ಕೆರೆ, ನದಿ, ನಾಲೆಗಳಿಂದ 100 ಮೀಟರ್ ದೂರ ಇರಬೇಕು. ವಿಶ್ವೇಶ್ವರಯ್ಯ ನಾಲೆಯ ನೀರು ನಂಬಿದ ನಮಗೆ ಇದು ಸಣ್ಣ ವಿಷಯವಲ್ಲ.

ಎರಡನೆಯದು ರೋಗದ ಖರ್ಚು. 2020ರ ಮಾರ್ಚ್‌ನಲ್ಲಿ ಮೈಸೂರಿನ ಕುಂಬಾರಕೊಪ್ಪಲಿನಲ್ಲಿ ಹಕ್ಕಿಜ್ವರ ದೃಢಪಟ್ಟು ಸುತ್ತಮುತ್ತಲಿನ ಕೋಳಿಗಳನ್ನು ಕೊಂದರು. ನಾನಾಗ ಆರನೇ ತರಗತಿ. ನಮ್ಮ ಅಂಗಡಿಗೆ ದಿನಗಟ್ಟಲೆ ಗಿರಾಕಿಯೇ ಬರಲಿಲ್ಲ. ಆ ನಷ್ಟವನ್ನು ಯಾರೂ ತುಂಬಿಕೊಡಲಿಲ್ಲ.

ಮೂರನೆಯದು ಕಣ್ಣಿಗೆ ಕಾಣದ ಖರ್ಚು. 2014ರಲ್ಲಿ ದೆಹಲಿಯ ವಿಜ್ಞಾನ ಮತ್ತು ಪರಿಸರ ಕೇಂದ್ರ ಆ ಭಾಗದ 70 ಕೋಳಿ ಮಾದರಿಗಳನ್ನು ಪರೀಕ್ಷಿಸಿದಾಗ ಶೇ. 40ರಲ್ಲಿ ಆ್ಯಂಟಿಬಯೋಟಿಕ್ ಅಂಶ ಸಿಕ್ಕಿತು. ಬೇರೆ ಔಷಧಿಗಳು ಕೈಕೊಟ್ಟಾಗ ವೈದ್ಯರು ಕೊನೆಗೆ ಬಳಸುವ ಕೊಲಿಸ್ಟಿನ್ ಕೂಡ ಕೋಳಿ ಬೇಗ ಬೆಳೆಯಲೆಂದು ಮೇವಿಗೆ ಸೇರುತ್ತಿತ್ತು. ಕೇಂದ್ರ ಸರ್ಕಾರ 2019ರ ಜುಲೈನಲ್ಲಿ ಪ್ರಾಣಿಗಳಿಗೆ ಅದರ ಬಳಕೆಯನ್ನು ನಿಷೇಧಿಸಿತು. ಔಷಧಿಗೆ ಪಳಗಿದ ರೋಗಾಣು ಶೆಡ್ಡಿನಲ್ಲೇ ಉಳಿಯುವುದಿಲ್ಲ. ಗೊಬ್ಬರ, ನೀರು, ಕೆಲಸಗಾರರ ಕೈ, ಹಸಿ ಮಾಂಸದ ಮೂಲಕ ಹೊರಗೆ ಬರುತ್ತದೆ.

ಕಳೆದ ವರ್ಷ ನಮ್ಮ ದಾದಿಗೆ ಮೂತ್ರದ ಸೋಂಕಾಗಿತ್ತು. ಎರಡು ಬಗೆಯ ಮಾತ್ರೆ ಕೊಟ್ಟರೂ ಜ್ವರ ಇಳಿಯಲಿಲ್ಲ, ಇಂಜೆಕ್ಷನ್‌ಗೆ ಆಸ್ಪತ್ರೆ ಸೇರಿಸಬೇಕಾಯಿತು. ಅದಕ್ಕೆ ಕೋಳಿಯೇ ಕಾರಣ ಎಂದು ನಾನು ಹೇಳಲಾರೆ. ನಾವೇ ಚೀಟಿ ಇಲ್ಲದೆ ಮಾತ್ರೆ ನುಂಗುವುದೂ ಕಾರಣ. ಆದರೆ ಮಾತ್ರೆ ಕೆಲಸ ಮಾಡದಿದ್ದರೆ ಮನೆಯಲ್ಲಿ ಎಂಥ ಭಯ ಕೂರುತ್ತದೆ ಎಂಬುದನ್ನು ಆ ವಾರ ಕಂಡೆ.

ಇದನ್ನೆಲ್ಲ ಅಬ್ಬಾಗೆ ಹೇಳಿದಾಗ ಅವರು, "ನಾನೊಬ್ಬನೇ ಒಳ್ಳೆಯ ಕೋಳಿ ತಂದು ಹತ್ತು ರೂಪಾಯಿ ಜಾಸ್ತಿ ಹೇಳಿದರೆ ಗಿರಾಕಿ ಪಕ್ಕದ ಅಂಗಡಿಗೆ ಹೋಗ್ತಾನೆ" ಎಂದರು. ಅವರ ಮಾತು ನಿಜ. ಅದಕ್ಕೇ ನಿಯಮ ಎಲ್ಲರಿಗೂ ಒಂದೇ ರೀತಿ ಜಾರಿಯಾಗಬೇಕು. ಪಶುವೈದ್ಯರ ಚೀಟಿ ಇಲ್ಲದೆ ಫಾರಂಗೆ ಆ್ಯಂಟಿಬಯೋಟಿಕ್ ಸಿಗಬಾರದು. ಔಷಧಿ ಕೊಟ್ಟ ಮೇಲೆ ನಿಗದಿತ ದಿನ ಕಳೆಯದೆ ಕೋಳಿ ಮಾರಬಾರದು. ಇದರ ಹೊರೆ ಗುತ್ತಿಗೆ ರೈತನ ಮೇಲಷ್ಟೇ ಬೀಳದೆ ಕಂಪನಿಯೂ ಹೊರಬೇಕು.

ನಮ್ಮ ಮನೆಗಳಲ್ಲಿ ಕೋಳಿ ಹಲಾಲ್ ಹೌದೇ ಎಂದು ಕೇಳದೆ ಯಾರೂ ತರುವುದಿಲ್ಲ. ಆದರೆ ಕುರ್‌ಆನ್ ಹಲಾಲ್ ಜೊತೆಗೆ ತಯ್ಯಿಬ್, ಅಂದರೆ ಶುದ್ಧ, ಒಳ್ಳೆಯದು ಎಂಬ ಮಾತನ್ನೂ ಸೇರಿಸಿ ಹೇಳುತ್ತದೆ. ಅದು ಹೇಗೆ ಬೆಳೆಯಿತು, ಏನು ತಿಂದಿತು ಎಂದೂ ಕೇಳೋಣ. ಕೇಳುವ ಗಿರಾಕಿ ಹೆಚ್ಚಾದರೆ ಮಾರುವವರೂ ಕೇಳುತ್ತಾರೆ. ಮೊದಲ ಪ್ರಶ್ನೆಯನ್ನು ನಾನು ನಮ್ಮ ಅಂಗಡಿಯಲ್ಲೇ ಕೇಳಿದ್ದೇನೆ.