ಎರಡು ಫರ್ಲಾಂಗು ಮತ್ತು ಮನೆಯ ದಾರಿ

ಗರಡಿಯ ಮಣ್ಣಿನಲ್ಲಿ ಬರಿಗಾಲೂರಿ ನಿಂತ ಜಟ್ಟಿಯನ್ನು ಕದಲಿಸುವುದು ಸುಲಭವಲ್ಲ. ಆದರೆ ಅದೇ ಬರಿಗಾಲಿನಿಂದ ಅವನು ಮುಳ್ಳಿನ ಹಾದಿಯಲ್ಲಿ ಊರಿಗೆ ಹೊರಟರೆ ಯಾರೂ ಅದನ್ನು ಜಾಣತನವೆನ್ನರು. ವಾರವೆಲ್ಲ ಕಛೇರಿಗೆ ಓಡಾಡಿದ ಕಾರನ್ನೇ ವಾರದ ಕೊನೆಗೆ ಪಂದ್ಯಕ್ಕೊಯ್ಯುವ ಅಮೆರಿಕೆಯ ಹವ್ಯಾಸಿಗಳನ್ನು ಕಾಡುವ ಪ್ರಶ್ನೆಯೂ ಇಂತಹುದೇ. ಕಾರಿನ ಪಾದವೆಂದರೆ ಟೈರು.

ಈ ಪಂದ್ಯಕ್ಕೆ ಡ್ರ್ಯಾಗ್ ರೇಸ್ ಎಂದು ಹೆಸರು. ನೇರವಾದ ಹಾದಿ, ಉದ್ದ ವಾಡಿಕೆಯಂತೆ ಕಾಲು ಮೈಲಿ, ಎಂದರೆ 1,320 ಅಡಿ, ಹಳೆಯ ಲೆಕ್ಕದಲ್ಲಿ ಎರಡು ಫರ್ಲಾಂಗು. ನಿಂತ ಎರಡು ಕಾರುಗಳು ದೀಪದ ಸಂಜ್ಞೆ ಕಂಡೊಡನೆ ಹೊರಡುತ್ತವೆ; ಹತ್ತು ಹದಿನೈದು ಸೆಕೆಂಡುಗಳಲ್ಲಿ ಸೋಲು ಗೆಲುವು ತೀರ್ಮಾನವಾಗುತ್ತದೆ. ಎರಡನೆಯ ಮಹಾಯುದ್ಧದ ಬಳಿಕ ಕ್ಯಾಲಿಫೋರ್ನಿಯಾದ ತರುಣರು ಸಾರ್ವಜನಿಕ ಬೀದಿಗಳಲ್ಲಿಯೇ ಹೀಗೆ ಪಂದ್ಯ ಕಟ್ಟುತ್ತಿದ್ದರು. ಅದನ್ನು ಬೀದಿಯಿಂದ ಬಿಡಿಸಿ ಕಣಕ್ಕೆ ತರಬೇಕೆಂದು ವಾಲಿ ಪಾರ್ಕ್ಸ್ ಅವರು 1951ರಲ್ಲಿ ರಾಷ್ಟ್ರೀಯ ಹಾಟ್ ರಾಡ್ ಸಂಘವನ್ನು ಸ್ಥಾಪಿಸಿದರು.

ಕಣಕ್ಕೆಂದೇ ಹುಟ್ಟಿದ ಟೈರು ‘ಸ್ಲಿಕ್’. ಅದರ ಮೈ ಬೋಳು; ಗೀರುಗಳಿಲ್ಲ. ರಬ್ಬರು ಬಲು ಮೃದು. ಸಾಧಾರಣ ಕಾರಿನ ಟೈರಿಗೆ ಚದರ ಅಂಗುಲಕ್ಕೆ 30–35 ಪೌಂಡಿನಷ್ಟು ಗಾಳಿ ತುಂಬುವರು. ಇದಕ್ಕೆ ಹಲವೊಮ್ಮೆ 15 ಪೌಂಡೂ ಹೆಚ್ಚೇ. ಹೊರಡುವ ಕ್ಷಣದಲ್ಲಿ ಕಾರಿನ ಭಾರ ಹಿಂದಕ್ಕೆ ಸರಿಯುತ್ತದೆ. ಹಿಂದಿನ ಟೈರಿನ ಪಕ್ಕೆ ಸುಕ್ಕುಗಟ್ಟಿ, ರಬ್ಬರು ನೆಲವನ್ನು ಅಪ್ಪಿಕೊಳ್ಳುತ್ತದೆ. ಪಂದ್ಯಕ್ಕೆ ಮುನ್ನ ಚಾಲಕರು ನೀರು ಚೆಲ್ಲಿದ ನೆಲದ ಮೇಲೆ ಚಕ್ರಗಳನ್ನು ನಿಂತಲ್ಲಿಯೇ ತಿರುಗಿಸಿ ಹೊಗೆಯೆಬ್ಬಿಸುವುದು ನೋಟಕರಿಗೆ ಆಡಂಬರವಾಗಿ ಕಂಡೀತು. ರಬ್ಬರನ್ನು ತೊಳೆದು ಕಾಯಿಸಿ ಅಂಟು ಬರಿಸುವ ಉಪಾಯವದು.

ಕಣದಲ್ಲಿ ಗುಣವಾದುದೇ ರಸ್ತೆಯಲ್ಲಿ ದೋಷ. ತರುಣನೊಬ್ಬನು ಸ್ಲಿಕ್ ತೊಡಿಸಿದ ಕಾರಿನಲ್ಲಿಯೇ ಗೆದ್ದ ಹುರುಪಿನಿಂದ ಮನೆಗೆ ಹೊರಟನೆಂದು ಊಹಿಸಿಕೊಳ್ಳಬಹುದು. ಮನೆ ಮೂವತ್ತು ಮೈಲಿ ದೂರ, ನಡುದಾರಿಯಲ್ಲಿ ಮಳೆ. ಟೈರಿನ ಗೀರುಗಳೆಂದರೆ ನೀರು ಹರಿದುಹೋಗುವ ಕಾಲುವೆಗಳು. ಬೋಳು ಟೈರಿಗೆ ಆ ಕಾಲುವೆಗಳಿಲ್ಲವಾಗಿ ನೀರು ಅಡಿಯಲ್ಲಿ ಸಿಕ್ಕಿಕೊಂಡು ಕಾರನ್ನೇ ಎತ್ತಿಬಿಡುತ್ತದೆ. ಆಗ ಚುಕ್ಕಾಣಿಯೂ ಕೇಳದು, ಬ್ರೇಕೂ ಕೇಳದು. ನೆಲ ಒಣಗಿದ್ದರೂ ನಿಶ್ಚಿಂತೆಯಿಲ್ಲ. ಸ್ಲಿಕ್‌ಗಳಲ್ಲಿ ಹಲವು ನಾರಿನ ಪದರಗಳನ್ನು ಓರೆಯಾಗಿ ಹೊಂದಿಸಿದ ಹಳೆಯ ‘ಬಯಾಸ್’ ಪದ್ಧತಿಯವು. ಮುಂದೆ ರೇಡಿಯಲ್, ಹಿಂದೆ ಬಯಾಸ್ ಇದ್ದರೆ ವೇಗ ಹೆಚ್ಚಿದಂತೆ ಕಾರಿನ ಹಿಂಭಾಗ ತೂಗಾಡುವುದುಂಟು.

ಇವೆರಡರ ನಡುವಿನದು ‘ಡ್ರ್ಯಾಗ್ ರೇಡಿಯಲ್’. ಮೃದುವಾದ ರಬ್ಬರು, ಮೇಲೆ ಕೆಲವೇ ಗೀರುಗಳು. ರಸ್ತೆಗೆ ಒಪ್ಪಿಗೆಯಾದುದರ ಗುರುತಾಗಿ ಪಕ್ಕದಲ್ಲಿ ‘ಡಿ.ಒ.ಟಿ.’ ಎಂಬ ಅಕ್ಷರಗಳಿರುತ್ತವೆ. ಆದರೆ ಕಾನೂನು ಒಪ್ಪಿದ ಮಾತ್ರಕ್ಕೆ ಮಳೆ ಒಪ್ಪಬೇಕೆಂದಿಲ್ಲ. ಸವೆತವನ್ನು ಸೂಚಿಸುವ ಅಂಕವನ್ನೂ ನೋಡಬೇಕು: ದಿನಬಳಕೆಯ ಟೈರುಗಳಲ್ಲಿ ಅದು 400, 500 ಇರುವುದು ಸಾಮಾನ್ಯ; ಇವುಗಳಲ್ಲಿ ಹಲವೊಮ್ಮೆ 100ನ್ನೂ ಮುಟ್ಟದು. ನಿತ್ಯ ಓಡಿಸಿದರೆ ಬೇಗನೆ ಸವೆದು, ಇದ್ದ ಗೀರುಗಳೂ ಅಳಿಸಿಹೋಗುತ್ತವೆ.

ಇನ್ನೊಂದು ಸಂಗತಿಯನ್ನು ಹೊಸಬರು ಮರೆಯುತ್ತಾರೆ. ಟೈರು ಜಾರುವುದೂ ಒಂದು ಬಗೆಯ ರಕ್ಷಣೆ. ಅದು ನೆಲವನ್ನು ಬಿಗಿಯಾಗಿ ಹಿಡಿದಾಗ ಎಂಜಿನ್ನಿನ ಬಲವೆಲ್ಲ ಅಚ್ಚಿನ ಮೇಲೆಯೂ ಗೇರಿನ ಮೇಲೆಯೂ ಬೀಳುತ್ತದೆ. ಸಾಧಾರಣ ಕಾರಿನ ಅಚ್ಚು ಅದನ್ನು ತಾಳದೆ ಮುರಿದ ಉದಾಹರಣೆಗಳು ಕಣದಲ್ಲಿ ಅಪರೂಪವಲ್ಲ. ಟೈರಿನ ಬೆಲೆಯೊಡನೆ ಈ ಖರ್ಚನ್ನೂ ಲೆಕ್ಕ ಹಿಡಿಯಬೇಕು.

ಅನುಭವಿಗಳ ದಾರಿ ಸರಳ. ವರ್ಷಕ್ಕೆ ನಾಲ್ಕಾರು ಬಾರಿ ಕಣಕ್ಕಿಳಿಯುವವರು ಸ್ಲಿಕ್ ತೊಡಿಸಿದ ಎರಡು ಚಕ್ರಗಳನ್ನು ಬೇರೆಯಾಗಿ ಕೊಂಡೊಯ್ಯುತ್ತಾರೆ. ಅಲ್ಲಿ ಜಾಕು ಕೊಟ್ಟು ತೊಡಿಸಿ, ಪಂದ್ಯ ಮುಗಿದೊಡನೆ ರಸ್ತೆಯ ಚಕ್ರಗಳನ್ನು ಮತ್ತೆ ಹಾಕಿಕೊಂಡೇ ಹಿಂದಿರುಗುತ್ತಾರೆ. ಅಷ್ಟು ಶ್ರಮ ಬೇಡವೆನ್ನುವವರು ಡ್ರ್ಯಾಗ್ ರೇಡಿಯಲ್ ಕೊಳ್ಳಬಹುದು; ಆದರೆ ಮೋಡ ಕವಿದ ದಿನ ಆ ಕಾರು ಮನೆಯಲ್ಲಿಯೇ ನಿಲ್ಲಬೇಕು. ಸೋಮವಾರ ಬೆಳಿಗ್ಗೆ ಅದರ ಹಿಂದಿನ ಸೀಟಿನಲ್ಲಿ ಮಕ್ಕಳು ಶಾಲೆಗೆ ಹೊರಡುವುದಾದರಂತೂ ಮಳೆಗೆ ತಕ್ಕ ಟೈರೇ ಸರಿ.

ಬೀದಿಯ ಅಪಾಯವನ್ನು ಕಣಕ್ಕೆ ಸಾಗಿಸಲು ಹಿರಿಯರು ಶ್ರಮಪಟ್ಟರು. ಕಣದ ಟೈರನ್ನು ಬೀದಿಗೆ ತಂದವನು ಆ ಅಪಾಯವನ್ನು ಮರಳಿ ಮನೆಗೇ ಕರೆತಂದಂತೆ. ಎರಡು ಫರ್ಲಾಂಗಿನ ಓಟವನ್ನು ಅಳೆಯಲು ಸೆಕೆಂಡಿನ ಸಾವಿರದ ಒಂದು ಪಾಲನ್ನೂ ಎಣಿಸುವ ಯಂತ್ರಗಳಿವೆ. ಮನೆಯ ದಾರಿಯನ್ನು ಅಳೆಯುವವರು ಬಾಗಿಲಲ್ಲಿ ಕಾದು ನಿಂತವರು. ಅವರಿಗೆ ಬೇಕಾದುದು ಬೇಗನೆ ಬರುವವನಲ್ಲ, ಬಂದು ಸೇರುವವನು.